ಮನೆದೇವರ ಪ್ರಶ್ನೆ

ಹರಪನಹಳ್ಳಿಯ ಖಾಸಗಿ ಶಾಲೆಯೊಂದಕ್ಕೆ ಗಣಿತ ಮೇಷ್ಟ್ರ ಕೆಲಸ ಕೇಳಿಕೊಂಡು ಸಂದರ್ಶನಕ್ಕೆ ಹೋಗಿದ್ದೆ. ಕಾರ್ಯದರ್ಶಿಗಳು ನನ್ನ ಅಂಕಪಟ್ಟಿಯನ್ನು ತೆರೆಯಲೇ ಇಲ್ಲ.

‘ನಿಮ್ಮ ಮನಿದೇವ್ರು ಯಾವುದ್ರಿ?’ ಎಂದು ನಗುತ್ತ ಕೇಳಿದರು.

ಆ ನಗು ನನಗೆ ಸರಿಕಾಣಲಿಲ್ಲ. ಜಾತಿ ಕೇಳಲು ನಾಚುವವರು ದೇವರನ್ನು ಮುಂದೆ ಬಿಡುತ್ತಾರೆ.

‘ಕೊಟ್ಟೂರೇಶ್ವರ ರೀ’ ಎಂದೆ. ಆ ದೇವರಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ.

‘ಅದು ಎಲ್ಲಾರ ದೇವ್ರಾತು. ನಿಮ್ಮದು?’

‘ನಮ್ದೂ ಅದೇ ರೀ.’

ಅವರ ನಗು ಅರ್ಧಕ್ಕೇ ನಿಂತಿತು. ಬಾಗಿಲಲ್ಲಿದ್ದ ಆಯಾಗೆ ಏನೋ ಕಣ್ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಅವರಿಗೂ ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ತರರಿಗೂ ಪಿಂಗಾಣಿ ಕಪ್ಪು, ನನಗೊಬ್ಬನಿಗೆ ಕಾಗದದ ಲೋಟ.

‘ತೊಗೊಳ್ರಿ, ಆರಿ ಹೋಗತೈತಿ’ ಎಂದರು.

ಅಂಕಪಟ್ಟಿ ಎತ್ತಿಕೊಂಡು ಎದ್ದೆ. ‘ಬ್ಯಾಡ್ರಿ ಸರ್. ಕಾಗದದ ಲೋಟ ನಮ್ಮ ಮನಿದೇವ್ರಿಗೆ ಆಗಿಬರಂಗಿಲ್ಲ.’