ಅವ್ವ ತೆಗೆದುಕೊಂಡ ವೀಳ್ಯ

ಮಡೆಪ್ಪನನ್ನು ನಾನು ಮೊದಲು ಕಂಡದ್ದು ೧೯೪೯ರ ಫೆಬ್ರವರಿಯಲ್ಲಿ, ಭಾಲ್ಕಿಯ ನಮ್ಮ ಶಾಲೆಯ ಬಾಗಿಲಲ್ಲಿ. ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದ. ವಯಸ್ಸು ಮೂವತ್ತೈದರ ಆಸುಪಾಸು. ರುಮಾಲಿನ ಮೇಲೆಲ್ಲ ಕಾಳಿನ ಧೂಳು.

"ಮಾಸ್ತರ್, ನಮ್ಮ ಅನುಸೂಯಾನ ಹೆಸರು ಹೊಡದ ಹಾಕ್ರಿ," ಅಂದ.

ನಿಜಾಮರ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಐದು ತಿಂಗಳಾಗಿತ್ತು. ಉರ್ದು ಶಾಲೆಯಲ್ಲಿ ಹೊಸದಾಗಿ ಕನ್ನಡದ ತರಗತಿಗಳನ್ನು ತೆರೆದಿದ್ದರು. ಅವಕ್ಕಾಗಿ ನನ್ನನ್ನು ಬೀದರಿನಿಂದ ಕಳಿಸಿದ್ದರು. ಮೂರನೆಯ ಇಯತ್ತೆಯಲ್ಲಿ ಹುಡುಗಿಯರು ಮೂವರೇ. ಅವರಲ್ಲಿ ಲೆಕ್ಕ ಬಿಡಿಸಲು ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು ಈ ಅನುಸೂಯಾ.

"ಯಾಕ್ರಿ, ಚಲೋ ಓದ್ತಾಳಲ್ಲ?"

"ಓದ್ತಾಳ ಖರೆ. ತೊಗರಿ ಹಸನ ಮಾಡ್ಲಿಕ್ಕ ಕಳಿಸ್ತೇನ್ರಿ. ತಿಂಗಳಿಗಿ ನಾಕ ರೂಪಾಯಿ ತರ್ತಾಳ. ನನ್ನ ಪಗಾರದಾಗ ಮನಿ ನಡೀವಲ್ದು."

ಅವನನ್ನು ಕೂಡಿಸಿ ಮಾತಾಡಿಸಿದೆ. ಶಿವರಾಜಪ್ಪ ಸಾವಕಾರರ ಅಡತಿ ಅಂಗಡಿಯಲ್ಲಿ ಅವನದು ಕಾಳು ಅಳೆಯುವ ಕೆಲಸ. ಪಾಯಲಿ ಎಂಬ ಅಳತೆಯ ಪಾತ್ರೆಯನ್ನು ತುಂಬಿ ಸುರಿಯುತ್ತ ಗಟ್ಟಿಯಾಗಿ ಎಣಿಸಬೇಕು. ನಮ್ಮ ಕಡೆ ಅಳೆಯುವವರು 'ಒಂದು' ಎನ್ನುವುದಿಲ್ಲ. ಎಣಿಕೆ ಶುಭದಿಂದ ಆರಂಭವಾಗಲೆಂದು 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಮಡೆಪ್ಪ ಕೂಗುವುದು ಸ್ಟೇಷನ್ನಿನ ತನಕ ಕೇಳುತ್ತಿತ್ತು. ಅಕ್ಷರ ಬಾರದ ರೈತರು ಆ ಧ್ವನಿಯನ್ನು ನಂಬಿಯೇ ಬಂಡಿಗಳನ್ನು ಅಲ್ಲಿಗೆ ಹೊಡೆಯುತ್ತಿದ್ದರು. ಆದರೆ ಅವನ ಪಗಾರ ಆರು ವರ್ಷಗಳಿಂದ ನಿಜಾಮರ ಹಾಲಿ ನಾಣ್ಯದ ಹದಿನಾಲ್ಕು ರೂಪಾಯಿಯಲ್ಲಿಯೇ ನಿಂತಿತ್ತು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ತಾಯಿ ಈರಮ್ಮ ಮತ್ತು ಮಗಳು. ಆ ವರ್ಷ ಪೇಟೆಯಲ್ಲಿ ಪ್ರತಿಯೊಂದು ಸಾಮಾನೂ ತುಟ್ಟಿ.

"ಸಾವಕಾರ್ರಿಗಿ ಕೇಳೀರೇನು?"

"ದಿನಾ ನೂರ ಸಲ ಒದರೂ ಬಾಯಿರಿ ಇದು. ಅವರ ಮುಂದ ನಿಂತ್ರ ಮುಚ್ಚಿಹೋಗ್ತದ."

ಆಮೇಲೆ ಒಂದು ಪದ್ಧತಿಯ ಸಂಗತಿ ಹೇಳಿದ. ಯುಗಾದಿ ಪಾಡ್ಯದ ದಿನ ಪೂಜೆ ಮುಗಿಸಿ ಸಾವಕಾರರು ಒಬ್ಬೊಬ್ಬ ಆಳಿಗೂ ವೀಳ್ಯ ಕೊಡುತ್ತಾರೆ. ಎರಡು ಎಲೆ, ಒಂದು ಅಡಿಕೆ, ಒಂದು ತುಂಡು ಬೆಲ್ಲ. ತೆಗೆದುಕೊಂಡರೆ ಹಳೆಯ ಪಗಾರಕ್ಕೆ ಇನ್ನೊಂದು ವರ್ಷ ದುಡಿಯಲು ಒಪ್ಪಿದಂತೆ. ಕಾಗದವಿಲ್ಲ, ಸಹಿಯಿಲ್ಲ.

"ತಗೊಳ್ಳದಿದ್ರ?"

"ಹಂಗ ಯಾರೂ ಮಾಡಿಲ್ರಿ," ಅಂದ.

"ಪಾಡ್ಯ ಇನ್ನ ಒಂದೂವರೆ ತಿಂಗಳು ಅದ. ಅಲ್ಲಿತನಕ ಹೆಸರು ತೆಗೆಯಂಗಿಲ್ಲ, ಹೋಗ್ರಿ."

ಪಾಡ್ಯದ ದಿನದ ಸಂಗತಿಯನ್ನು ನನಗೆ ಹೇಳಿದವರು ಆ ಅಂಗಡಿಯ ಮುನೀಮ ನಜಮೋದ್ದೀನ ಸಾಹೇಬರು. ಸಾವಕಾರರು ವೀಳ್ಯ ಹಿಡಿದು ಬಂದಾಗ ಮಡೆಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತನಂತೆ.

"ಯಾಕಲೇ, ಕೈಗಿ ಏನಾಗ್ಯದ?"

"ಕೈ ಚಲೋ ಅವ್ರಿ," ಎಂದ ಮಡೆಪ್ಪ ಅವನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡ.

ಅಷ್ಟರಲ್ಲಿ ಅಂಗಡಿಯ ಹಿಂದಿನ ಸಾವಕಾರರ ಮನೆಯಿಂದ ಈರಮ್ಮ ಬಂದಳು. ಹಬ್ಬದ ಹೋಳಿಗೆ ಮಾಡಲು ಪ್ರತಿ ವರ್ಷವೂ ಆಕೆ ಸಾವಕಾರರ ಅಡಿಗೆಮನೆಗೆ ಹೋಗುತ್ತಿದ್ದಳು. ವೀಳ್ಯ ಬಿಡುವ ಹಂಚಿಕೆಯನ್ನಾಗಲಿ, ಮಗಳ ಶಾಲೆ ಬಿಡಿಸುವ ವಿಚಾರವನ್ನಾಗಲಿ ಮಡೆಪ್ಪ ತಾಯಿಗೆ ಹೇಳಿರಲಿಲ್ಲ, ಬೈದಾಳೆಂಬ ಭಯ. ಸಾವಕಾರರು ಥಟ್ಟನೆ ಆಕೆಯ ಕಡೆ ತಿರುಗಿ, "ತಗೋ ಈರಮ್ಮ, ನಿಮ್ಮ ಮನಿ ವೀಳ್ಯ," ಎಂದರು. ಆಕೆ ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಅವ್ವಾ, ಏನ ಮಾಡ್ದಿ!"

"ಏನ್ ಮಾಡೀನಿ? ಪಾಡ್ಯ ದಿನ ಲಕ್ಷ್ಮಿ ಬಂದ್ರ ಬ್ಯಾಡ ಅನ್ಬೇಕೇನು?"

ಸಾವಕಾರರು ನಕ್ಕರು. "ಮನಿ ಹಿರಿಯಾಕಿ ತಗೊಂಡಾಳ. ಮುಗೀತು. ಇನ್ನ ಬರೂ ಪಾಡ್ಯಕ್ಕ ಮಾತು."

ಮನೆಗೆ ಹೋದ ಮೇಲೆ ಈರಮ್ಮನಿಗೆ ಎಲ್ಲವೂ ತಿಳಿಯಿತು. ಮೊಮ್ಮಗಳು ಮೂಲೆಯಲ್ಲಿ ಕುಳಿತು ಪಾಟಿ ಒರೆಸುತ್ತಿದ್ದಳು. ಈರಮ್ಮ ತನ್ನ ಹೋಳಿಗೆಯನ್ನು ಮುಟ್ಟಲಿಲ್ಲ. ಮಗನನ್ನು ಕೇಳಿದಳು: "ವೀಳ್ಯ ಯಾರ ತಗೊಂಡ್ರು?"

"ನೀನ ತಗೊಂಡಿ."

"ಹಂಗಾದ್ರ ಅಳೆಯಾವ್ರು ಯಾರು?"

ಮಡೆಪ್ಪನಿಗೆ ಅರ್ಥವಾಗಲಿಲ್ಲ. ಮರುದಿನ ಇಡೀ ಪೇಟೆಗೆ ಅರ್ಥವಾಯಿತು. ಶಾಲೆಗೆ ರಜೆ ಇತ್ತು. ಗದ್ದಲ ಕೇಳಿ ನಾನೂ ಓಡಿದೆ. ಅಂಗಡಿಯ ಮುಂದೆ ಈರಮ್ಮ ಕಚ್ಚೆ ಬಿಗಿದು, ಕಡಲೆಯ ರಾಶಿಯ ಪಕ್ಕದಲ್ಲಿ ಪಾಯಲಿ ಹಿಡಿದು ಕುಳಿತಿದ್ದಳು. ಮಡೆಪ್ಪ ಎದುರಿನ ಬೇವಿನ ಮರದ ನೆರಳಲ್ಲಿ ಕೈಕಟ್ಟಿ ಕುಳಿತಿದ್ದ. ಕಡಲೆ ತಂದವನು ಅಯ್ಯುಬ ಎಂಬ ರೈತ.

"ಲಾಭ... ಲಾಭ... ಎರಡ... ಎರಡ... ಅಯ್ಯುಬ, ನಿನ್ನ ಮಗಳು ಹಡದಳೇನೋ?"

"ಹೌದ ದೊಡ್ಡವ್ವ. ಗಂಡು."

"ಚಲೋ ಆತು. ಬಾಣಂತಿಗಿ ಅಳವಿ ಪಾಯಸ ಕೊಡ್ಲಿಕತ್ತೀರೋ ಇಲ್ಲೋ? ಕೊಡ್ರಿ, ಸೊಂಟ ಗಟ್ಟಿ ಆಗ್ತದ... ಎಷ್ಟಕ್ಕ ಬಂದಿದ್ದೆ?"

ಯಾರಿಗೂ ಗೊತ್ತಿರಲಿಲ್ಲ.

"ಹೋಗ್ಲಿ. ತಪ್ಪು ಎಣಿಸಿದ್ರ ಪಾಪ," ಎಂದು ಅಳೆದದ್ದನ್ನೆಲ್ಲ ರಾಶಿಗೆ ಸುರಿದು ಮತ್ತೆ ಆರಂಭಿಸಿದಳು. "ಲಾಭ..."

ಹೀಗೆ ಮೂರು ಸಲ ಆಯಿತು. ಮುನೀಮರು ಲೇಖನಿ ಎತ್ತಿ ಹಿಡಿದವರು ಇಳಿಸಲೇ ಇಲ್ಲ. "ಅಮ್ಮಾ, ನಾ ಏನ್ ಬರೀಲಿ?" ಎಂದು ಕೇಳಿದರೆ, "ಮಗಾ, ಅವಸರ ಮಾಡಬ್ಯಾಡ, ವರ್ಷತನಕ ಟೈಮ್ ಅದ," ಅಂದಳು. ಹಿಂದೆ ಬಂಡಿಗಳ ಸಾಲು ಬೆಳೆಯಿತು. ಎತ್ತುಗಳ ಕೊರಳ ಗಂಟೆ, ಜನರ ನಗೆ. ಕಡೆಗೆ ಒಂದು ಬಂಡಿ ತಿರುಗಿ ಎದುರು ಅಂಗಡಿಗೆ ಹೋಯಿತು. ಅದರ ಹಿಂದೆ ಮತ್ತೊಂದು.

"ಏಳವ್ವ, ಸಾಕು!" ಸಾವಕಾರರು ಹೊರಗೆ ಬಂದರು.

"ಹ್ಯಾಂಗ ಏಳ್ಲಿ ಸಾವಕಾರ? ವೀಳ್ಯ ನಾ ತಗೊಂಡೀನಿ. ನಿಮ್ಮ ಮಾತೇ ಮಾತು."

ಶಿವರಾಜಪ್ಪ ಕೆಟ್ಟ ಮನುಷ್ಯರಲ್ಲ. ಕೇಳದಿದ್ದರೆ ಕೊಡಬೇಕೆಂಬುದು ಹೊಳೆಯದ ಸ್ವಭಾವದವರು, ಅಷ್ಟೆ. ಬೆವರು ಒರೆಸಿಕೊಂಡು ಬೇವಿನ ಮರದ ಕಡೆ ತಿರುಗಿದರು. "ಮಡೆಪ್ಪ, ಎಷ್ಟ ಬೇಕಪಾ ನಿನಗ?"

ಮಡೆಪ್ಪ ಎದ್ದು ನಿಂತ. ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಈರಮ್ಮ ಮಗನ ಪರವಾಗಿ ಒಂದಕ್ಷರವನ್ನೂ ಆಡಲಿಲ್ಲ. ಪಾಯಲಿಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಹದಿನೆಂಟ್ರೀ!"

ಅಳತೆಯ ಧ್ವನಿಯಲ್ಲಿಯೇ ಕೂಗಿಬಿಟ್ಟ. ಅದು ಸ್ಟೇಷನ್ನಿಗೂ ಕೇಳಿರಬೇಕು.

"ಹದಿನಾರು," ಎಂದರು ಸಾವಕಾರರು.

"ಲಾಭ..." ಎಂದು ಈರಮ್ಮ ಪಾಯಲಿಯನ್ನು ರಾಶಿಗೆ ಅದ್ದಿದಳು.

"ಆತವ್ವ, ಆತು! ಹದಿನೆಂಟು! ಮೊದಲ ನೀ ಏಳು!"

ಸೆರಗಿನ ತುದಿಯಲ್ಲಿ ಕಟ್ಟಿದ್ದ ವೀಳ್ಯವನ್ನು ಬಿಚ್ಚಿ ಆಕೆ ಸಾವಕಾರರಿಗೆ ಮರಳಿ ಕೊಟ್ಟಳು. ಎಲೆ ಬಾಡಿತ್ತು, ಬೆಲ್ಲಕ್ಕೆ ಇರುವೆ ಹತ್ತಿದ್ದವು. ಒಳಗಿನಿಂದ ಹೊಸ ಎಲೆ ತರಿಸಿದರು. ಈ ಸಲ ಮಡೆಪ್ಪನೇ ಕೈಯೊಡ್ಡಿದ.

ಶಾಲೆ ತೆರೆದ ದಿನ ಹಾಜರಿ ಕೂಗಿದಾಗ ಅನುಸೂಯಾ "ಹಾಜರ್" ಎಂದಳು. ಹೊಡೆದು ಹಾಕದೆ ಉಳಿಸಿದ್ದ ಆ ಹೆಸರಿನ ಮುಂದೆ ಗುರುತು ಹಾಕಿದೆ.

ಅಲ್ಲಿಗೆ ಮಡೆಪ್ಪನ ಕಷ್ಟಗಳೆಲ್ಲ ತೀರಿದವೆಂದಲ್ಲ. ತುಟ್ಟಿ ಇಳಿಯಲಿಲ್ಲ, ಮುಂದೆ ಹಾಲಿ ನಾಣ್ಯವೇ ಹೋಗಿ ಬೇರೆ ಗೊಂದಲ ಬಂತು. ಆದರೆ ಮರುವರ್ಷದಿಂದ ಆ ಅಂಗಡಿಯಲ್ಲಿ ಸಾವಕಾರರು ಮೊದಲು ಪಗಾರದ ಮಾತಾಡಿ ಆಮೇಲೆ ವೀಳ್ಯ ಎತ್ತತೊಡಗಿದರು. ಕೆಲವು ಸಲ ಒಂದು ರೂಪಾಯಿ ಏರಿತು, ಕೆಲವು ಸಲ ಬರೀ ಮಾತಾಯಿತು. ಪಗಾರಕ್ಕಾಗಿ ಎಂದೂ ಬಾಯಿ ತೆರೆಯದ ನಜಮೋದ್ದೀನ ಸಾಹೇಬರಿಗೂ ಎರಡು ರೂಪಾಯಿ ಸಿಕ್ಕಿತು. ಪಾಡ್ಯ ಬಂದರೆ ಸಾವಕಾರರು ಮೊದಲು, "ಈರಮ್ಮ ಎಲ್ಲಿದ್ದಾಳ ನೋಡ್ರೋ," ಎನ್ನುತ್ತಿದ್ದರಂತೆ.

ಅನುಸೂಯಾ ಈಗ ಔರಾದಿನಲ್ಲಿ ಶಿಕ್ಷಕಿ. ಮಡೆಪ್ಪ ಮಗಳ ಹತ್ತಿರವೇ ಇದ್ದಾನೆ. ಎಪ್ಪತ್ತೈದು ದಾಟಿದೆ, ಧ್ವನಿ ಮಾತ್ರ ಹಾಗೆಯೇ ಇದೆ. ಕಳೆದ ತಿಂಗಳು ನಾನು ಹೋದಾಗ ಕಟ್ಟೆಯ ಮೇಲೆ ಕುಳಿತು, ಹಳೆಯ ಪಾಯಲಿಯ ತುಂಬ ಹುಣಸೆಬೀಜ ಇಟ್ಟುಕೊಂಡು, ಓಣಿಯ ಮಕ್ಕಳಿಗೆ ಎಣಿಕೆ ಕಲಿಸುತ್ತಿದ್ದ. ದಿನವೂ ಇದೇ ಉದ್ಯೋಗವಂತೆ.

"ಮಾಸ್ತರ್, ನೀವರೆ ಹೇಳ್ರಿ," ಎಂದು ಅನುಸೂಯಾ ದೂರು ಹೇಳಿದಳು. "ನನ್ನ ಒಂದನೇ ಇಯತ್ತೆಯ ಹುಡುಗರು ಒಂದು, ಎರಡು ಅನ್ನಂಗಿಲ್ರಿ. ಲಾಭ, ಎರಡು ಅಂತಾವ. ಸಾಹೇಬ್ರು ತಪಾಸಣೆಗಿ ಬಂದ್ರ ನಾ ಏನ್ ಹೇಳ್ಲಿ?"

"ಒಂದು ಅನ್ನೂದು ನಿನ್ನ ಸಾಲ್ಯಾಗ ಕಲಿಸು," ಎಂದ ಮಡೆಪ್ಪ, ತಲೆ ಎತ್ತದೆ. ಮಕ್ಕಳು ಕಾಯುತ್ತಿದ್ದರು. ಬೀಜಗಳನ್ನು ಕಟ್ಟೆಯ ಮೇಲೆ ಸುರಿದು, ಮೊದಲನೆಯದನ್ನು ಬೆರಳಿನಿಂದ ಬೇರೆ ಸರಿಸಿದ.