ಹಸುವಿನ ತಾರೀಖು, ನನ್ನ ತಾರೀಖು

"ಕೊನೆಯ ಸಲ ಮುಟ್ಟಾದದ್ದು ಯಾವತ್ತು?" ಎಂದು ಮಂಡ್ಯದ ಡಾಕ್ಟರಮ್ಮ ಕೇಳಿದಾಗ ನನಗೆ ತಾರೀಖು ನೆನಪಾಗಲಿಲ್ಲ. ನಾನು ಮದ್ದೂರು ಕಡೆಯ ಕೊಪ್ಪದ ಹತ್ತಿರದ ನಮ್ಮೂರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಯಾರ ಮನೆಯ ಹಸು ಯಾವತ್ತು ಬೆದೆಗೆ ಬಂತು, ಯಾವತ್ತು ಇಂಜೆಕ್ಷನ್ ಹಾಕಿಸಿದರು, ಯಾವ ತಿಂಗಳು ಕರು ಹಾಕಬೇಕು, ಎಲ್ಲ ನನಗೆ ಬಾಯಿಪಾಠ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಡುವ ಮೊದಲೇ ಅದನ್ನು ಮಾತಾಡುತ್ತಾರೆ. ನನ್ನದೇ ತಾರೀಖು ಕೇಳಿದರೆ ಮಾತ್ರ ಗೋಡೆ ನೋಡುತ್ತ ಕೂತೆ.

ಪಕ್ಕದ ಕುರ್ಚಿಯಿಂದ ಅವ್ವ ಉತ್ತರ ಕೊಟ್ಟಳು. "ಮಾರಮ್ಮನ ಅಬ್ಬ ಆದ್ಮೇಲೆ ಒಂದ್ಸಲ ಆಗಿತ್ತು ಕಣಮ್ಮ. ಈಗ ಎಲ್ಡ್ ತಿಂಗ್ಳು ಮೇಲಾಯ್ತು."

ಡಾಕ್ಟರಮ್ಮ ಸ್ಕ್ಯಾನು ಮಾಡಿದರು, ರಕ್ತ ತೆಗೆಸಿದರು, ಆಮೇಲೆ ಒಂದು ಹಾಳೆಯ ಮೇಲೆ ನನ್ನ ಅಂಡಾಶಯದ ಚಿತ್ರ ಬರೆದು ತೋರಿಸಿದರು. ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳು. ಪಿಸಿಓಎಸ್ ಅಂತ ಇದರ ಹೆಸರು, ಹಾರ್ಮೋನು ಏರುಪೇರಾಗಿದೆ, ಮೊಟ್ಟೆ ಹಣ್ಣಾಗುವುದಕ್ಕೆ ಶುರುವಾಗಿ ಅರ್ಧಕ್ಕೇ ನಿಂತುಬಿಡುತ್ತದೆ ಎಂದರು. ನನಗೆ ಹೆದರಿಕೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಮೊದಲು ಆದದ್ದು ಕುತೂಹಲ. ಗಲ್ಲದ ಮೇಲೆ ಕೂದಲು ಬರುವುದಕ್ಕೂ ತಲೆಯ ಕೂದಲು ಬಾಚಣಿಗೆಯ ತುಂಬ ಉದುರುವುದಕ್ಕೂ ಕತ್ತಿನ ಹಿಂದೆ ಕಪ್ಪು ಹತ್ತುವುದಕ್ಕೂ ಈ ಗುಳ್ಳೆಗಳಿಗೂ ಏನು ಸಂಬಂಧ? ಒಂದೊಂದಾಗಿ ಕೇಳಿದೆ. ಅವರೂ ಬೇಸರಿಸದೆ ಹೇಳಿದರು. ಎಲ್ಲವೂ ಒಂದೇ ಏರುಪೇರಿನ ಬೇರೆ ಬೇರೆ ಗುರುತುಗಳು ಎಂದು ಗೊತ್ತಾದಾಗ ಎದೆಯ ಭಾರ ಸ್ವಲ್ಪ ಇಳಿಯಿತು. ಅಷ್ಟು ದಿನ ನಾನು ಗಲ್ಲಕ್ಕೊಂದು, ತಲೆಗೊಂದು, ಕತ್ತಿಗೊಂದು ಪಾಪ ಮಾಡಿರಬೇಕು ಎಂದುಕೊಂಡಿದ್ದೆ.

"ಇದಕ್ಕೆ ಮದುವೆ ಆದ್ರೆ ಸರೋಯ್ತದ?" ಎಂದು ಅವ್ವ ಕೇಳಿದಳು.

"ಮದುವೆ ಔಷಧಿ ಅಲ್ಲಮ್ಮ. ಸಕ್ಕರೆ ಬಿಡಿಸಿ, ದಿನಾ ನಡೆಸಿ. ನೀವು ತಾರೀಖು ಬರೆದಿಡಿ," ಎಂದು ಕೊನೆಯ ಮಾತನ್ನು ನನ್ನ ಕಡೆ ತಿರುಗಿ ಹೇಳಿದರು.

ಅವ್ವ ಮನೆಗೆ ಬಂದವಳೇ ಸಕ್ಕರೆ ಡಬ್ಬ ಅಟ್ಟಕ್ಕೆ ಹಾಕಿದಳು. ಕಾಫಿಗೆ ಬೆಲ್ಲ ಬಂತು. ಬೆಳಗ್ಗೆ ಎದ್ದ ಕೂಡಲೇ ಎಳ್ಳು ಬೆಲ್ಲ ಕುಟ್ಟಿದ ಉಂಡೆ ಬಂತು, ಮುಟ್ಟು ತರಿಸುವುದಕ್ಕೆ ಅಂತ. ಹುರಿಗಡಲೆ ತಂಬಿಟ್ಟು ಬಂತು, ಶಕ್ತಿಗೆ ಅಂತ. ನಮ್ಮ ಕಡೆ ಆಲೆಮನೆಯ ಬಿಸಿ ಬೆಲ್ಲ ಎಂದರೆ ಕೆಮ್ಮಿಗೂ ಬಾಣಂತಿಗೂ ಬಿದ್ದ ಪೆಟ್ಟಿಗೂ ಮದ್ದು. ನಾನೂ ಚಪ್ಪರಿಸಿಕೊಂಡು ತಿಂದೆ. ಎರಡು ತಿಂಗಳು ಬಿಟ್ಟು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದರೆ ತೂಕದ ಮುಳ್ಳು ಹೋದ ಸಲಕ್ಕಿಂತ ಆಚೆ ನಿಂತಿತು. ಮುಟ್ಟಿನ ಸುದ್ದಿಯೇ ಇಲ್ಲ.

"ಸಕ್ಕರೆ ಬಿಟ್ಟಿದ್ದೀರಾ?"

"ಒಂದ್ ಕಾಳೂ ಮುಟ್ಸಿಲ್ಲ ಕಣಮ್ಮ. ಎಲ್ಲಾ ಬೆಲ್ಲನೆಯ," ಎಂದಳು ಅವ್ವ, ಹೊಗಳಿಕೆ ಬರುತ್ತದೆ ಎಂದು ಕಾಯುತ್ತ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಗಬಾರದೆಂದು ತುಟಿ ಬಿಗಿದುಕೊಂಡಿದ್ದು ನನಗೆ ಕಂಡಿತು. "ಬೆಲ್ಲಾನೂ ಸಕ್ಕರೆ ಲೆಕ್ಕವೇ ಅಮ್ಮ," ಎಂದರು. ಅವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ಮದ್ದೂರು ದಾಟುವವರೆಗೂ "ಬೆಲ್ಲ ಔಸ್ದಿ ಅಲ್ವ? ಬೆಲ್ಲ ಔಸ್ದಿ ಅಲ್ದೆ ಇನ್ನೇನ್ ಅದು?" ಎಂದು ಯಾರನ್ನೋ ಕೇಳುತ್ತಲೇ ಇದ್ದಳು. ನನಗೆ ನಗು ತಡೆಯಲಿಲ್ಲ. ಕಬ್ಬು ಬೆಳೆಯುವ ಮನೆಯವಳಿಗೆ ಬೆಲ್ಲ ಬಿಡು ಅನ್ನುವುದು ಅಷ್ಟು ಸುಲಭವಲ್ಲ.

ಆ ಸಲ ಮುಟ್ಟು ಬರಿಸುವುದಕ್ಕೆ ಹತ್ತು ದಿನದ ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆಯ ಪೊಟ್ಟಣವನ್ನು ಅವ್ವ ರಾಗಿ ಡಬ್ಬದ ಹಿಂದೆ ಅಡಗಿಸಿಟ್ಟಳು. ಅಪ್ಪನಿಗೆ ನನಗೆ ಗ್ಯಾಸ್ಟ್ರಿಕ್ ಎಂದು ಹೇಳಿಯಾಗಿತ್ತು. ಅಡಗಿಸಲು ಇನ್ನೊಂದು ಕಾರಣವೂ ಇತ್ತು. ಮಳವಳ್ಳಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಶಿವನಸಮುದ್ರದ ಕರೆಂಟು ಉತ್ಪಾದಿಸುವ ಕೇಂದ್ರದಲ್ಲಿ ಕೆಲಸದಲ್ಲಿದ್ದ. ಜಮೀನೂ ಇತ್ತು.

"ಅವ್ರ ಮುಂದೆ ಇದ್ರ ಸುದ್ದಿ ಎತ್ತಬ್ಯಾಡ ಕಣೆ. ಮದ್ವೆ ಆಗ್ಲಿ, ಆಮೇಲೆ ನೋಡ್ಕಳಣ," ಎಂದಳು ಅವ್ವ.

"ಆಮೇಲೆ ಮಕ್ಕಳಾಗೋದು ತಡ ಆದ್ರೆ?"

"ಬಾಯ್ಮುಚ್ಚು."

ನನಗೆ ಮೈಯೆಲ್ಲ ಉರಿಯಿತು. ಮಕ್ಕಳಾಗುವುದೇ ಇಲ್ಲ ಎಂದು ಡಾಕ್ಟರಮ್ಮ ಹೇಳಿರಲಿಲ್ಲ. ತಡವಾಗಬಹುದು, ಆಗಲೂ ದಾರಿಗಳಿವೆ ಎಂದಿದ್ದರು. ಆದರೆ ಮುಚ್ಚಿಟ್ಟು ಮದುವೆಯಾದರೆ ತಡವಾದ ಪ್ರತಿ ತಿಂಗಳೂ ನಾನು ಸುಳ್ಳಿಯಾಗುತ್ತೇನೆ, ಕಂಡವರ ಅಡುಗೆಮನೆಯಲ್ಲಿ ಕದ್ದು ಮಾತ್ರೆ ನುಂಗುತ್ತೇನೆ. ಅದು ನನ್ನ ಕೈಲಾಗದು. ಹೇಳಿಯೇ ಮದುವೆ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಆದರೆ ನಮ್ಮ ಮನೆಯಲ್ಲಿ ನಡೆಯುವುದು ಅಪ್ಪನ ಮಾತು. ಅಪ್ಪನ ಹತ್ತಿರ ಈ ವಿಷಯ ಎತ್ತುವುದು ಹೇಗೆ? ನಾನು ದೊಡ್ಡವಳಾದ ದಿನದಿಂದ ಅವರು ನನ್ನ ಜ್ವರವನ್ನೂ ಅವ್ವನ ಮೂಲಕವೇ ಕೇಳುವವರು.

ಇದೇ ಅಪ್ಪ ಹೋದ ವರ್ಷ ನಮ್ಮ ಸೀಮೆಹಸು ಗಬ್ಬ ಕಟ್ಟದೆ ಹೋದಾಗ ಹೇಗಿದ್ದರು ಎಂದು ನೆನೆದರೆ ಆಶ್ಚರ್ಯವಾಗುತ್ತದೆ. ಹಸುವಿನ ಡಾಕ್ಟರು ಕೈ ಹಾಕಿ ನೋಡಿ, ಅಂಡಾಶಯದಲ್ಲಿ ನೀರ್ಗುಳ್ಳೆ ಇದೆ ಎಂದಿದ್ದರು. ಅಪ್ಪ ಅದನ್ನು ಡೈರಿಯ ಜಗಲಿಯಲ್ಲಿ, ಟೀ ಅಂಗಡಿಯಲ್ಲಿ, ನಾಲೆ ಏರಿಯ ಮೇಲೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ನಾಚಿಕೆ ಇಲ್ಲ, ಗುಟ್ಟಿಲ್ಲ. ಇಂಜೆಕ್ಷನ್ ಕೊಡಿಸಿದರು, ಖನಿಜದ ಪುಡಿ ಹಾಕಿದರು, ತಾಳ್ಮೆಯಿಂದ ಕಾದರು. ಅದು ಗಬ್ಬವಾಯಿತು, ಕರುವನ್ನೂ ಹಾಕಿತು. ಹಸುವಿನ ಹೊಟ್ಟೆಯ ಬಗ್ಗೆ ಊರೆಲ್ಲ ಮಾತಾಡಬಹುದು, ಮಗಳ ಹೊಟ್ಟೆಗೆ ಮಾತ್ರ ಗ್ಯಾಸ್ಟ್ರಿಕ್. ಯಾಕೆ ಹೀಗೆ ಎಂದು ನಾನು ಹಾಲಿಗೆ ಲ್ಯಾಕ್ಟೋಮೀಟರು ಮುಳುಗಿಸುತ್ತ ಎಷ್ಟೋ ಬೆಳಗುಗಳಲ್ಲಿ ಯೋಚಿಸಿದ್ದೇನೆ. ಬೆದೆಗೆ ಬಂದ ಹಸು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ನನ್ನ ಮೈ ಏನನ್ನೂ ಕೂಗಿ ಹೇಳುವುದಿಲ್ಲ, ಅದರ ಪರವಾಗಿ ನಾನೂ ಹೇಳುವಂತಿಲ್ಲ.

ನಮ್ಮ ಕೊಟ್ಟಿಗೆಯ ಬಾಗಿಲ ಪಕ್ಕ ಒಂದು ಕ್ಯಾಲೆಂಡರು ತೂಗುತ್ತದೆ. ಹಸು ಬೆದೆಗೆ ಬಂದ ದಿನ ಅದರಲ್ಲಿ ಗುರುತು ಹಾಕುವುದು, ಅಲ್ಲಿಂದ ಇಪ್ಪತ್ತೊಂದು ದಿನ ಎಣಿಸುವುದು ರೂಢಿ. ಗುರುತು ಯಾರು ಬೇಕಾದರೂ ಹಾಕಬಹುದು, ಕಂಡವರು ಹಾಕಬೇಕು, ಅಷ್ಟೆ. ಮಾತ್ರೆ ಮುಗಿದ ನಾಲ್ಕನೇ ದಿನ ಬೆಳಗ್ಗೆ ನನಗೆ ಮುಟ್ಟಾಯಿತು. ನಾಲ್ಕು ತಿಂಗಳ ಮೇಲೆ. ಹೊಟ್ಟೆ ಹಿಂಡುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು, ಆದರೂ ಖುಷಿಯಾಗಿ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಹೇಳಿದಂತೆ ತಾರೀಖು ಬರೆಯಬೇಕಲ್ಲ. ಡೈರಿಗೆ ಹೊತ್ತಾಗಿತ್ತು, ಕೈಗೆ ಸಿಕ್ಕಿದ್ದು ಅದೇ ಕ್ಯಾಲೆಂಡರು. ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ ಓಡಿದೆ.

ಹಾಲಿನ ಕೆಲಸ ಮುಗಿಸಿ ಮನೆಗೆ ಬಂದರೆ ಅಂಗಳದಲ್ಲಿ ಹಸುವಿನ ಡಾಕ್ಟರ ಬೈಕು ನಿಂತಿದೆ. ಕೊಟ್ಟಿಗೆಯಲ್ಲಿ ಡಾಕ್ಟರು ಭುಜದವರೆಗೆ ಕೈಗವಸು ಹಾಕಿಕೊಂಡು, ಹಸುವಿನ ಹಿಂದೆ ನಿಂತು, ಮುಖ ಸಿಂಡರಿಸಿಕೊಂಡಿದ್ದಾರೆ. ಅಪ್ಪ ಹಗ್ಗ ಹಿಡಿದಿದ್ದಾರೆ.

"ಇದೆಲ್ಲಿ ಬೆದೆಗೆ ಬಂದದೆ ಗೌಡ್ರೆ? ಸುಮ್ಕೆ ನನ್ನ ಕರಸಿದ್ರಲ್ಲ."

"ನಾನು ಗದ್ದೆ ತಾವ ಇದ್ದೆ ಸ್ವಾಮಿ. ಕ್ಯಾಲೆಂಡ್ರಲ್ಲಿ ಗುರ್ತು ಆಕವ್ರೆ ನೋಡಿ, ಕೆಂಪ್ಗೆ. ಲೆಕ್ಕಕ್ಕೂ ಈ ವಾರನೇ ಬರ್ಬೇಕಾಗಿತ್ತು." ಅಪ್ಪ ನನ್ನ ಕಡೆ ತಿರುಗಿದರು. "ಯಾವಾಗವ್ವ ಕೂಗಿದ್ದು ಅಸ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ಹಸು ಕೂಗಿತ್ತು, ನಾನೇ ತಪ್ಪು ತಿಳಿದೆ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಅದು ಹಸೂದಲ್ಲ ಅಪ್ಪ. ನಂದು."

ಡಾಕ್ಟರು ಒಳ್ಳೆಯವರು. ಬಕೆಟ್ಟಿನ ಹತ್ತಿರ ಹೋಗಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕೈ ತೊಳೆದರು, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಅಪ್ಪ ಹಗ್ಗ ಹಿಡಿದುಕೊಂಡೇ ನಿಂತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಮಂಡ್ಯದ ಸ್ಕ್ಯಾನು, ಮಾತ್ರೆ, ಗ್ಯಾಸ್ಟ್ರಿಕ್ ಅಲ್ಲ ಎಂಬುದು. ಅಳಬಾರದೆಂದುಕೊಂಡಿದ್ದೆ, ಅತ್ತುಬಿಟ್ಟೆ. ಅಪ್ಪ ಹಸುವಿನ ಬೆನ್ನು ಸವರುತ್ತ, ನನ್ನ ಮುಖ ನೋಡದೆ ಕೇಳಿದರು.

"ನೀರ್ಗುಳ್ಳೆಯಾ?"

"ಹೂಂ. ಹಂಗೇ ಅನ್ನಿ."

"ಎಷ್ಟ್ ತಿಂಗ್ಳಾಯ್ತವ್ವ?"

ಆಮೇಲೆ ಮಳವಳ್ಳಿಯವರ ಮಾತು ಬಂತು. ಅವರಿಗೆ ಹೇಳಲೇಬೇಕು ಎಂದು ನಾನು, ಹೇಳಿದರೆ ಸಂಬಂಧ ಕೆಟ್ಟೀತು ಎಂದು ಅವ್ವ. ಅಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿದರು. "ಒದೆಯೋ ಅಸ ಮಾರೋವಾಗ್ಲೂ ಒದೀತದೆ ಅಂತ ಏಳಿ ಕೊಟ್ಟವ್ನು ನಾನು," ಎಂದರು.

"ನಾನೇನು ಹಸುವಾ?" ಎಂದು ರೇಗಿದೆ. "ನೀವು ಮಾರ್ತಾ ಇಲ್ಲ, ಅವ್ರು ಕೊಳ್ತಾ ಇಲ್ಲ. ನನ್ನ ವಿಷ್ಯ ನಾನೇ ಹೇಳ್ತೀನಿ."

ಅಪ್ಪ ತಬ್ಬಿಬ್ಬಾದರು. "ಸರಿ ಕಣವ್ವ. ನೀನೇ ಏಳು. ನಾನ್ ಪಕ್ಕದಲ್ಲಿ ಕೂತಿರ್ತೀನಿ," ಎಂದರು.

ಮುಂದಿನ ಭಾನುವಾರ ಮಳವಳ್ಳಿಯವರು ಬಂದರು. ಉಪ್ಪಿಟ್ಟಾಯಿತು, ಕಾಫಿಯಾಯಿತು. ಅಪ್ಪ ಹೇಳಿದಂತೆ ನನ್ನ ಪಕ್ಕದಲ್ಲೇ ಬಂದು ಕೂತರು. ಹೆಣ್ಣು ನೋಡುವ ದಿನ ಹುಡುಗಿಯ ಪಕ್ಕ ಅಪ್ಪ ಕೂರುವುದು ನಮ್ಮಲ್ಲಿಲ್ಲ. ನಾನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಹುಡುಗನ ತಾಯಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಹುಡುಗ ಮಾತ್ರ ತಲೆ ಎತ್ತಿ, "ನೋವಾಗ್ತದಾ?" ಎಂದು ಕೇಳಿದ. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಗುತ್ತದೆ ಎಂದೆ. "ತಿಳಿಸ್ತೀವಿ" ಎಂದು ಎದ್ದು ಹೋದವರು ತಿಳಿಸಲೇ ಇಲ್ಲ. ಹುಡುಗನ ಮೇಲೆ ನನಗೆ ಈಗಲೂ ಕೋಪವಿಲ್ಲ, ಅವನ ತಾಯಿಯ ಮೇಲೆ ಸ್ವಲ್ಪ ಇದೆ. ಅವ್ವ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ಬೆಳಗ್ಗೆ ಕಾಫಿ ತಂದು ಕುಕ್ಕಿ ಹೋದಳು. ಕುಡಿದು ನೋಡಿದರೆ ಅದರಲ್ಲಿ ಬೆಲ್ಲವೂ ಇರಲಿಲ್ಲ.

ಜನವರಿಯಲ್ಲಿ ಅಪ್ಪ ಮದ್ದೂರಿನ ಗೊಬ್ಬರದ ಅಂಗಡಿಯಿಂದ ಹೊಸ ಕ್ಯಾಲೆಂಡರು ತಂದರು. ನೋಡಿದರೆ ಎರಡಿದ್ದವು. ಒಂದನ್ನು ಹಳೆಯ ಮೊಳೆಗೆ ಸಿಕ್ಕಿಸಿದರು. ಇನ್ನೊಂದಕ್ಕೆ ಪಕ್ಕದಲ್ಲೇ ಹೊಸ ಮೊಳೆ ಹೊಡೆದು, ನನ್ನ ಎತ್ತರಕ್ಕೆ ಸರಿಯಾಗಿ ತೂಗಿಹಾಕಿ, ಗೋಣಿ ದಾರದಲ್ಲಿ ಕೆಂಪು ಪೆನ್ನು ಕಟ್ಟಿದರು.

"ಇದು ನಿಂದು. ಒಂದ್ರಲ್ಲೇ ಬರುದ್ರೆ ಮತ್ತೆ ಡಾಕ್ಟ್ರು ಬಂದ್ಬುಡ್ತಾರೆ," ಎಂದರು. ತಾವು ಆಡಿದ ತಮಾಷೆಗೆ ತಾವೇ ನಾಚಿಕೊಂಡು ಕೊಟ್ಟಿಗೆಯ ಒಳಗೆ ಹೋದರು.

ನನ್ನ ಕ್ಯಾಲೆಂಡರಿನಲ್ಲಿ ಸುತ್ತುಗಳು ಎಲ್ಲೆಲ್ಲೋ ಇವೆ. ಒಂದಕ್ಕೂ ಇನ್ನೊಂದಕ್ಕೂ ಕೆಲವೊಮ್ಮೆ ಮೂವತ್ತೈದು ದಿನ, ಕೆಲವೊಮ್ಮೆ ಐವತ್ತು. ಯಾಕೆ ಈ ಸಲ ಬೇಗ, ಯಾಕೆ ಆ ಸಲ ತಡ ಎಂದು ನಾನು ಪುಟ ತಿರುಗಿಸಿ ನೋಡುತ್ತಿರುತ್ತೇನೆ. ನಾಲೆ ಏರಿಯ ಮೇಲೆ ಎಷ್ಟು ದಿನ ನಡೆದೆ, ಎಷ್ಟು ದಿನ ಸರಿಯಾಗಿ ನಿದ್ದೆ ಮಾಡಿದೆ ಎಂದು ಪಕ್ಕದಲ್ಲಿ ಬರೆಯುತ್ತೇನೆ. ಮೊನ್ನೆ ಹಾಗೆ ನೋಡುತ್ತ ನಿಂತಿದ್ದಾಗ, ಹಾಲು ಕರೆಯುತ್ತಿದ್ದ ಅಪ್ಪ ಒಳಗಿನಿಂದಲೇ, ನಾಲೆಗೆ ನೀರು ಬಂತಾ ಎಂದು ಕೇಳುವ ದನಿಯಲ್ಲಿ, ಬೀದಿಗೆ ಕೇಳುವಂತೆ ಕೇಳಿದರು.

"ಬಂತೇನವ್ವ?"

ಅವ್ವ ಅಡುಗೆಮನೆಯಿಂದ "ಮೆಲ್ಗೆ ಕೇಳಕ್ಕೇನ್ ದಾಡಿ ನಿಮ್ಗೆ," ಎಂದು ಗದರಿದಳು.

"ಇನ್ನೂ ಇಲ್ಲ ಅಪ್ಪ."

"ಬತ್ತದೆ ಬುಡು," ಎಂದರು ಅಪ್ಪ, ಹಾಲು ಕರೆಯುತ್ತಲೇ.