ಬೀಗರ ಡಬ್ಬಿ

...ಹುಬ್ಬು ಬೆಳ್ಳಗಿತ್ತು, ಅಷ್ಟು ಮಾತ್ರ ಖಚಿತ. ಉಳಿದದ್ದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಜೋಳದ ಹಿಟ್ಟು ಅವರ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಕೂತಿರುತ್ತಿತ್ತು. ಬೆವರಿದಾಗ ಕುತ್ತಿಗೆಯ ಮಡಿಕೆಗಳಲ್ಲಿ ಕಣಕವಾಗುತ್ತಿತ್ತು. ಮಾತಾಡುತ್ತಲೇ ಅದನ್ನು ಉಗುರಿನಿಂದ ಕೆರೆದು, ಉಂಡೆ ಮಾಡಿ ನಾಯಿಗೆ ಹಾಕುತ್ತಿದ್ದರು. ನಾಯಿ ತಿನ್ನುತ್ತಿತ್ತು. ತಿನ್ನುತ್ತಿತ್ತೇ? ನನಗೆ ಹೇಸಿಗೆಯಾದದ್ದಂತೂ ನೆನಪಿದೆ.

ಅವರು ನನ್ನ ಮನೆ ಮಾಲಕಿ. ವಿಜಯಪುರದಲ್ಲಿ ಅವರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ ಕಲ್ಲು ತಿರುಗತೊಡಗಿದರೆ ನನ್ನ ಮಂಚ ನಡುಗುತ್ತಿತ್ತು. ಗಂಡ ಇರಲಿಲ್ಲ; ಒಬ್ಬಳೇ ಮಗಳನ್ನು ಘೋಣಸಗಿಗೆ ಕೊಟ್ಟಿದ್ದರು. ಮನೆಯಲ್ಲಿ ಉಳಿದದ್ದು ಅವರು ಮತ್ತು ಕೆಂಪಿ ಎಂಬ ಮುದಿ ನಾಯಿ.

ಯಾರು ಏನು ಹೇಳಿದರೂ “ಹೌದ್ರಿ” ಎನ್ನುವುದು ಅವರ ಅಭ್ಯಾಸ. ಸಾರವಾಡದ ಗಿರಾಕಿ ಮಳೆ ಬರುತ್ತದೆ ಅಂದರೆ ಹೌದ್ರಿ, ಕಾಖಂಡಕಿಯವರು ಬರುವುದಿಲ್ಲ ಅಂದರೂ ಹೌದ್ರಿ. ನಾನು ಚೇಷ್ಟೆ ಮಾಡಿದರೆ, “ಒಬ್ಬರ ಮನಸ ಮುರದು ನನಗೇನ ಸಿಗೂದೈತಿ ಬೇ? ನೀ ಇನ್ನಾ ಸಣ್ಣಾಕಿ” ಎನ್ನುತ್ತಿದ್ದರು. ನನಗೆ ಜ್ವರ ಬಂದಾಗ ಗಿರಣಿ ನಿಲ್ಲಿಸಿ ಮೇಲೆ ಬಂದು ನನ್ನ ವಾಂತಿ ಬಳಿದವರೂ ಅವರೇ. ಅದನ್ನು ಬರೆಯದೆ ಮುಂದೆ ಹೋದರೆ ಮೋಸ.

ಕೆಂಪಿಯ ಹಿಂಗಾಲು ಸೋತವು. ನುಣುಪು ಫರಸಿಕಲ್ಲಿನ ನೆಲದ ಮೇಲೆ ಕಾಲು ಅಗಲವಾಗಿ ಜಾರಿ ಬೀಳುತ್ತಿತ್ತು, ಬಿದ್ದಲ್ಲೇ ಉಚ್ಚೆ ಹೊಯ್ದುಕೊಂಡು ಅದರಲ್ಲೇ ಕೂತಿರುತ್ತಿತ್ತು. ಎಳೆದೆಳೆದು ಪಾದದ ಮೇಲಿನ ಚರ್ಮ ಕಿತ್ತುಹೋಗಿ ಹಸಿ ಮಾಂಸಕ್ಕೆ ನೊಣ ಮುತ್ತಿದವು. ಅದೇ ಓಣಿಯ ದನದ ಡಾಕ್ಟರು ಎಕ್ಸ್‌ರೇ ತೆಗೆಸಿ, ಸೊಂಟದ ಕೀಲು ಸವೆದಿದೆ ಎಂದರು. ನೆಲಕ್ಕೆ ಗೋಣಿತಟ್ಟು ಹಾಸಲು ಹೇಳಿ, ನೋವು ಮತ್ತು ಬಾವು ಇಳಿಸುವ ಗುಳಿಗೆ ಬರೆದುಕೊಟ್ಟರು.

“ಹಿಟ್ಟ ತಿನಿಸಿ ತಿನಿಸಿ ಎಮ್ಮಿ ಮಾಡೀರಿ ಇದನ್ನ. ಮೊದಲ ತೂಕ ಇಳಸ್ರಿ. ಎಣ್ಣಿ ಗಿಣ್ಣಿ ಹಚ್ಚಿ ತಿಕ್ಕತೀರೇನು, ತಿಕ್ಕ್ರಿ. ಆದ್ರ ನನ್ನ ಕೇಳದ ಬ್ಯಾರೆ ಏನೂ ಹೊಟ್ಟಿಗಿ ಹಾಕಬ್ಯಾಡ್ರಿ.”

“ಹೌದ್ರಿ,” ಎಂದರು ಮಾಲಕಿ.

ಆ ವಾರವೇ ಬೀಗರು ಬಂದರು, ಅಂದರೆ ಮಗಳ ಮಾವ. ತಮ್ಮೂರಿಗೆ ಹತ್ತಿರದ ತಿಕೋಟಾದಲ್ಲಿ ‘ಸಮಗ್ರ ಪಶು ಚಿಕಿತ್ಸೆ’ ಎಂದು ಬೋರ್ಡು ಹಾಕಿಕೊಂಡಿದ್ದರು. ಕುಂಟೆತ್ತುಗಳು ಎದ್ದು ಓಡುವ ವಿಡಿಯೋಗಳು ಅವರ ಮೊಬೈಲ್ ತುಂಬ ಇದ್ದವು.

“ಡಾಕ್ಟರ್ ಬರೇ ಕಾಲ ನೋಡ್ತಾನ್ರಿ ಬೀಗತಿ. ನಾವು ಇಡೀ ಜೀವಾ ನೋಡ್ತೇವಿ. ಆ ಗುಳಗಿ ಇವತ್ತ ಬಿಡ್ರಿ.”

“ಹೌದ್ರಿ.”

ಬೀಗರು ಬೆಳ್ಳುಳ್ಳಿ ಹಾಕಿದ ಎಳ್ಳೆಣ್ಣೆ ಬಿಸಿ ಮಾಡಿ, ನೆಲಕ್ಕೆ ಕೂತು ಕೆಂಪಿಯ ಸೊಂಟ ತಿಕ್ಕಿದರು. ಕೆಂಪಿ ಕಣ್ಣು ಮುಚ್ಚಿ ಉಸಿರು ಬಿಟ್ಟಿತು. ಆ ಕೈಗೆ ಪ್ರಾಣಿ ಗೊತ್ತಿತ್ತು, ಸುಳ್ಳು ಹೇಳಲಾರೆ. ಎಣ್ಣೆ, ಉಚ್ಚೆ, ಕೊಳೆತ ಗಾಯದ ನಾತ ಮಾತ್ರ ಮೆಟ್ಟಿಲೇರಿ ನನ್ನ ದಿಂಬಿಗೆ ಹತ್ತಿತು. ಹೋಗುವಾಗ ಒಂದು ಸ್ಟೀಲ್ ಡಬ್ಬಿ ಇಟ್ಟುಹೋದರು. ಅದರಲ್ಲಿ ಬೂದು ಬಣ್ಣದ ಪುಡಿ.

“ಎರಡ್ರಾಗ ಒಂದು ಆರಿಸ್ರಿ ಅವ್ವಾರ,” ಎಂದೆ.

“ಡಾಕ್ಟರ್ ಓಣ್ಯಾಂವ, ದಿನಾ ಮುಖಾ ನೋಡಬೇಕು. ಇವ್ರಿಗಿ ಮಗಳನ್ನ ಕೊಟ್ಟೇನಿ. ಯಾರನ್ನ ಬಿಡ್ಲಿ ಹೇಳು?”

“ನಾಯಿನ್ನ ಕೇಳ್ರಿ.”

“ಅದಕ್ಕ ಮುಲಾಜ ಇಲ್ಲ ಬೇ. ನಮಗೈತಿ.”

ಬೆಳಿಗ್ಗೆ ಗುಳಿಗೆ, ಸಂಜೆ ರೊಟ್ಟಿಯಲ್ಲಿ ಪುಡಿ. ಇವರದನ್ನು ಅವರಿಗೆ ಹೇಳಲಿಲ್ಲ, ಅವರದನ್ನು ಇವರಿಗೂ ಹೇಳಲಿಲ್ಲ.

ಕೆಂಪಿ ಎದ್ದಿತು. ಎದ್ದದ್ದಷ್ಟೇ ಅಲ್ಲ, ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲು ಕೆರೆಯಿತು. ಒಂದು ಭಾನುವಾರ ಡಾಕ್ಟರು ಮನೆಯ ಜೋಳ ಬೀಸಿಸಲು ಚೀಲ ಹಿಡಿದು ಬಂದರು. ಬೀಗರು ಆಗಲೇ ಗೋಧಿ ಮೂಟೆಯ ಮೇಲೆ ಕೂತಿದ್ದರು. ಮಾಲಕಿ ಇಬ್ಬರ ನಡುವಿನ ಗೋಡೆಯನ್ನು ನೋಡುತ್ತ, “ಎಲ್ಲಾ ನಿಮ್ಮ ಔಷಧದ್ದ ಪುಣ್ಯಾರಿ” ಎಂದರು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ನಾನು ನಕ್ಕೆ. ಈಗ ಆ ನಗು ನೆನೆದರೂ ಬಾಯಿ ಕಹಿಯಾಗುತ್ತದೆ.

ಕೆಲವು ದಿನಗಳಾದ ಮೇಲೆ ಕೆಂಪಿ ಡಾಂಬರಿನಂಥ ಕಪ್ಪು ಹೇಲು ಹಾಕಿತು. ಆ ವಾಸನೆಯನ್ನು ವರ್ಣಿಸಲಾರೆ. ರಕ್ತ ಹೊಟ್ಟೆಯಲ್ಲಿ ಕೊಳೆತ ವಾಸನೆ. ಆಮೇಲೆ ಕೆಂಪು ನೊರೆ ಕಾರಿತು, ಹಿಟ್ಟಿನ ಮೇಲೆ. ಡಾಕ್ಟರನ್ನು ನಾನೇ ಕರೆತಂದೆ. ಬೀಗರು ಅವತ್ತೂ ಬಂದಿದ್ದರು, ಬಾಗಿಲಲ್ಲಿ ನಿಂತಿದ್ದರು. ಅಥವಾ ಒಳಗೆ ಕೂತು ಚಹಾ ಕುಡಿಯುತ್ತಿದ್ದರು. ಎರಡೂ ಚಿತ್ರ ನನ್ನಲ್ಲಿವೆ, ಎರಡೂ ಅಷ್ಟೇ ಸ್ಪಷ್ಟವಾಗಿವೆ.

ಡಾಕ್ಟರು ಕೆಂಪಿಯ ಒಸಡು ಒತ್ತಿ ನೋಡಿದರು. ಅದು ಸುಣ್ಣದ ಹಾಗೆ ಬಿಳಿಚಿತ್ತು. “ಗುಳಗಿ ಜೋಡಿ ಬ್ಯಾರೆ ಏನರ ಕೊಟ್ಟೀರೇನ್ರಿ?”

ಮಾಲಕಿ ಬೀಗರ ಮುಖ ನೋಡಿದರು. ನಾಯಿಯ ಮುಖ ನೋಡಲಿಲ್ಲ.

“ಏನಿಲ್ರಿ.”

“ಪುಡಿ ಕೊಟ್ಟಾರ್ರಿ,” ಎಂದೆ ನಾನು. “ದಿನಾ ಸಂಜೀಕ.”

“ಏನ ಪುಡಿರಿ ಅದು?” ಡಾಕ್ಟರು ಬೀಗರನ್ನೇ ಕೇಳಿದರು. “ಬಾವು ಇಳಸೂ ಗುಳಗಿನ ಅರದು ಹಾಕೀರೇನು? ಎರಡೂ ಕೂಡಿದ್ರ ಹೊಟ್ಟ್ಯಾಗ ರಕ್ತ ಒಡೀತೈತಿ.”

“ನಮ್ಮ ಮನಿತನದ್ದು. ಹೇಳಾಕ ಬರಂಗಿಲ್ಲ.” ಬೀಗರು ಹೆಗಲ ಮೇಲಿನ ಟವೆಲ್ ಕೊಡವಿದರು. “ಒಂದ ನಾಯಿ ಸಲುವಾಗಿ ಬೀಗರ ಮನಿಯಾಗ ಮರ್ಯಾದಿ ಕಳೀತೀರಿ? ಬರ್ತೀನ್ರಿ.”

ಕೆಂಪಿಯನ್ನು ಗೋಣಿತಟ್ಟಿನಲ್ಲಿ ಎತ್ತಿ ನಾನೂ ಡಾಕ್ಟರೂ ದವಾಖಾನೆಗೆ ಒಯ್ದೆವು; ಮಾಲಕಿ ಬೀಗರನ್ನು ತಡೆಯುತ್ತ ಮನೆಯಲ್ಲೇ ಉಳಿದರು. ಸಲಾಯಿನ್ ಹಚ್ಚುತ್ತ ಡಾಕ್ಟರು, “ಲಗೂ ಹೋಗಿ ಆ ಪುಡಿ ತರ್ರಿ. ಏನೈತಿ ಅಂತ ತಿಳದ್ರ ಮುಂದಿನ ಸೂಜಿ ಹಾಕಾಕ ಧೈರ್ಯ ಬರತೈತಿ” ಎಂದರು. ನಾನು ಓಡಿದೆ.

ಮಾಲಕಿ ಕಟ್ಟೆಯ ಮೇಲೆ ಕೂತಿದ್ದರು. ಡಬ್ಬಿ ಎಲ್ಲಿ ಎಂದೆ.

“ಬೀಗರು ಒಯ್ದ್ರು.”

“ಪುಡಿ?”

“ಮೋರಿಗಿ ಚೆಲ್ಲಿ, ಡಬ್ಬಿ ತೊಳದು ಶೇಂಗಾ ಹೋಳಿಗಿ ತುಂಬಿ ಕೊಟ್ನಿ. ಮುನಿಸಿಲೇ ಹ್ವಾದ್ರು ನೋಡು. ಬೀಗರ ಡಬ್ಬಿ ಖಾಲಿ ಕಳಸಬಾರದು ಬೇ, ಅಲ್ಲಿ ನನ್ನ ಮಗಳು ಚುಚ್ಚಮಾತ ಕೇಳಬೇಕಾಕ್ಕೈತಿ.”

ನಾನು ಮೋರಿಗೆ ಬಗ್ಗಿದೆ. ಹೌದು, ಬೆರಳು ಹಾಕಿದೆ. ಸೋಪಿನ ನೀರು, ಅನ್ನದ ಅಗುಳು, ಕೂದಲು. ಪುಡಿ ಇರಲಿಲ್ಲ.

ಸಂಜೆಯೊಳಗೆ ಕೆಂಪಿ ಸತ್ತಿತು. ಸುದ್ದಿ ಕೇಳಿಯೂ ಮಾಲಕಿ ಗಿರಣಿ ಬಂದ್ ಮಾಡಲಿಲ್ಲ. ಕಲ್ಲು ತಿರುಗುತ್ತಲೇ ಇತ್ತು, ಅವರು ಅತ್ತದ್ದು ಯಾರಿಗೂ ಕೇಳಲಿಲ್ಲ. ಅತ್ತರು ಎಂದು ನಾನು ಅಂದುಕೊಂಡಿದ್ದೇನೆ. ನನ್ನ ಜೊತೆ ಮಾತು ಬಿಡಲಿಲ್ಲ, ಅದೇ ಹೆಚ್ಚು ಅಸಹ್ಯವಾಯಿತು. ಮರುದಿನ ನನಗೂ ಎರಡು ಹೋಳಿಗೆ ಕಳಿಸಿದರು. ನಾನು ತಿನ್ನಲಿಲ್ಲ. ತಿಂಗಳೊಳಗೆ ಕೋಣೆ ಬಿಟ್ಟೆ.

ಹೋದ ವರ್ಷ ಅವರು ತೀರಿಕೊಂಡರು. ಬೀಗರೇ ಮುಂದೆ ನಿಂತು ಎಲ್ಲ ನಡೆಸಿದರಂತೆ. ನನ್ನ ವಾಂತಿ ಬಳಿದ ಹೆಂಗಸು ಆಕೆ, ನಾನು ಹೋಗಬೇಕಿತ್ತು, ಹೋಗಲಿಲ್ಲ. ಪುಡಿಯಲ್ಲಿ ಏನಿತ್ತು ಎಂಬುದು ಬೀಗರು ಬಾಯಿ ಬಿಡದ ಹೊರತು ಈಗ ಯಾರಿಗೂ ತಿಳಿಯುವಂತಿಲ್ಲ. ಅವತ್ತು ಅವರು ಡಬ್ಬಿ ತೊಳೆದದ್ದು ಬೀಗರ ಮರ್ಯಾದೆಗೋ, ಪುಡಿ ಡಾಕ್ಟರ ಕೈಗೆ ಸಿಗಬಾರದೆಂದೋ, ನನಗೆ ಗೊತ್ತಿಲ್ಲ.